ಕಾರಣವಿದ್ದ ಮಾತ್ರಕ್ಕೆ ಹೊಣೆ ತಪ್ಪುತ್ತದೆಯೇ?

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಮ್ಮದೊಂದು ದಲಾಲಿ ಅಂಗಡಿ ಇದೆ. ಬಹಳ ವರ್ಷಗಳಿಂದ ನಂಬಿದ್ದ ಗುಮಾಸ್ತನೊಬ್ಬ, 48 ಕಿಲೋ ತೂಗಿದ ಚೀಲಕ್ಕೆ ಚೀಟಿಯಲ್ಲಿ 46 ಎಂದು ಬರೆದು, ಉಳಿದ ಹಣವನ್ನು ತಾನು ಎತ್ತುತ್ತಿದ್ದುದು ಈ ಸುಗ್ಗಿಯಲ್ಲಿ ಗೊತ್ತಾಯಿತು. ಓದು ಬಾರದ ರೈತರ ಚೀಟಿಗಳಲ್ಲಷ್ಟೇ ಹೀಗೆ ಮಾಡಿದ್ದಾನೆ. ನಾನು ಗಾದಿಯ ಮೇಲೆ ಕುಳಿತ ದಿನಗಳಲ್ಲಿ ಒಂದು ಅಂಕಿಯೂ ತಪ್ಪಿಲ್ಲ. ಕೇಳಿದರೆ, ‘ಸಾವಕಾರ್ರ, ಬಡತನ, ಸಾಲ, ಕುಡುಕ ಅಪ್ಪ, ಇವೆಲ್ಲ ಕೂಡಿ ನನ್ನ ಹಿಂಗ ಮಾಡ್ಯಾವ, ನನ್ನ ಕೈಯಾಗ ಏನೂ ಇರಲಿಲ್ಲ’ ಎಂದ. ನಾವು ನಿರ್ಧರಿಸುವ ಮೊದಲೇ ಮಿದುಳು ನಿರ್ಧರಿಸಿರುತ್ತದೆಂದು ವಿಜ್ಞಾನವೇ ತೋರಿಸಿದೆ ಎಂದು ಕಾಲೇಜಿನಲ್ಲಿ ಓದುವ ನನ್ನ ಮಗನೂ ಹೇಳುತ್ತಾನೆ. ಹಾಗಾದರೆ ನಾನು ಅವನ ಮೇಲೆ ಸಿಟ್ಟಾಗುವುದು ಅನ್ಯಾಯವೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಮಗ ಹೇಳುತ್ತಿರುವುದು ಬಹುಶಃ ಅಮೆರಿಕದ ನರವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗವನ್ನು. ಮನಸ್ಸು ಬಂದಾಗ ಕೈ ಅಲುಗಿಸಿ ಎಂದು ಹೇಳಿ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆದಾಗ, ಚಲನೆಗೆ ಸುಮಾರು 550 ಮಿಲಿಸೆಕೆಂಡು ಮೊದಲೇ ಆ ಚಟುವಟಿಕೆ ಆರಂಭವಾಗಿದ್ದು, ಅಲುಗಿಸಬೇಕೆಂಬ ಇಚ್ಛೆಯ ಅರಿವು ಸುಮಾರು 200 ಮಿಲಿಸೆಕೆಂಡು ಮೊದಲಷ್ಟೇ ಮೂಡಿತ್ತು. ಆದರೆ ಕೊನೆಯ ಗಳಿಗೆಯಲ್ಲಿ ಬೇಡವೆಂದು ತಡೆಯುವ ಅವಕಾಶ ಉಳಿದಿರುತ್ತದೆಂದು ಲಿಬೆಟ್ ಅವರೇ ನಂಬಿದ್ದರು. ಚಲನೆಗೆ ಮೊದಲು ಕಂಡ ಆ ಚಟುವಟಿಕೆ ಮಿದುಳಿನ ಸಹಜ ಏರಿಳಿತವೇ ಇರಬಹುದು, ನಿರ್ಧಾರವಾಗಿರಬೇಕಿಲ್ಲ ಎಂಬ ವಿವರಣೆಯನ್ನು 2012ರಲ್ಲಿ ಆರನ್ ಶುರ್ಗರ್ ಮತ್ತು ಸಂಗಡಿಗರು ಮುಂದಿಟ್ಟರು. ಅದಕ್ಕಿಂತ ಮುಖ್ಯವಾಗಿ, ಯಾವಾಗ ಅಲುಗಿಸಿದರೂ ಯಾರಿಗೂ ನಷ್ಟವಿಲ್ಲದ ಕೈಚಲನೆಯಿಂದ, ಸುಗ್ಗಿಯುದ್ದಕ್ಕೂ ಆಳು ನೋಡಿ ಚೀಟಿ ಬರೆದವನ ಬಗ್ಗೆ ತೀರ್ಮಾನಿಸಲಾಗದು.

ಗುಮಾಸ್ತನ ಮಾತು ಇದಕ್ಕಿಂತ ಆಳವಾದದ್ದು. ನಡೆದುದೆಲ್ಲಕ್ಕೂ ಹಿಂದಿನ ಕಾರಣಗಳಿದ್ದರೆ, ಆ ಕಾರಣಗಳಲ್ಲಿ ಹೆಚ್ಚಿನವು ನಾವು ಹುಟ್ಟುವ ಮೊದಲಿನವಾಗಿದ್ದರೆ, ನಮ್ಮದೆನ್ನುವುದು ಏನು ಉಳಿಯಿತು? ಬುದ್ಧ, ಮಹಾವೀರರ ಸಮಕಾಲೀನನಾದ ಮಕ್ಖಲಿ ಗೋಸಾಲ ಇದನ್ನು ಅಳುಕಿಲ್ಲದೆ ಹೇಳಿದ್ದ: ಎಲ್ಲವೂ ನಿಯತಿ, ಪುರುಷಪ್ರಯತ್ನವೆಂಬುದಿಲ್ಲ. ಜೈನ ಆಗಮದಲ್ಲಿ ಇದರ ಬಗ್ಗೆ ಒಂದು ಪ್ರಸಂಗ ಬರುತ್ತದೆ. ಗೋಸಾಲನ ಅನುಯಾಯಿಯಾಗಿದ್ದ ಸದ್ದಾಲಪುತ್ತನೆಂಬ ಕುಂಬಾರನನ್ನು ಮಹಾವೀರ ಕೇಳುತ್ತಾನೆ: ಯಾರಾದರೂ ನಿನ್ನ ಮಡಕೆಗಳನ್ನು ಕದ್ದರೆ, ಒಡೆದರೆ ಏನು ಮಾಡುವೆ? ಹೊಡೆಯುತ್ತೇನೆ, ಬಡಿಯುತ್ತೇನೆ ಎನ್ನುತ್ತಾನೆ ಕುಂಬಾರ. ಎಲ್ಲವೂ ನಿಯತಿಯಾದರೆ ಒಡೆದವನೂ ಇಲ್ಲ, ಹೊಡೆಯುವವನೂ ಇಲ್ಲವಲ್ಲ ಎಂದಾಗ ಅವನಿಗೆ ಉತ್ತರ ಹೊಳೆಯುವುದಿಲ್ಲ.

ಈ ವಾದ ನಿಯತಿವಾದವನ್ನು ಸುಳ್ಳೆಂದು ಸಾಧಿಸುವುದಿಲ್ಲ, ನನ್ನ ಹೊಡೆತವೂ ನಿಯತಿಯೇ ಎಂದು ಕುಂಬಾರ ಹೇಳಬಹುದಿತ್ತು. ಆದರೆ ಅದನ್ನು ನಂಬಿ ಬಾಳುವುದು ಎಷ್ಟು ಕಷ್ಟವೆಂದು ತೋರಿಸುತ್ತದೆ. ಇಂಗ್ಲೆಂಡಿನ ತತ್ವಜ್ಞಾನಿ ಪಿ.ಎಫ್. ಸ್ಟ್ರಾಸನ್ 1962ರಲ್ಲಿ ಇದೇ ಎಳೆಯನ್ನು ಹಿಡಿದರು. ಅಸಮಾಧಾನ, ಕೃತಜ್ಞತೆ, ಕ್ಷಮೆಗಳು ಮನುಷ್ಯ ಮನುಷ್ಯರ ಸಂಬಂಧದಲ್ಲೇ ಬೇರೂರಿರುವುದರಿಂದ, ಜಗತ್ತು ಕಾರಣಬದ್ಧವೆಂಬ ಒಂದು ಸಿದ್ಧಾಂತವನ್ನು ಒಪ್ಪಿದ ಮಾತ್ರಕ್ಕೆ ಅವನ್ನು ಕೈಬಿಡಲಾಗದು ಎಂಬುದು ಅವರ ನಿಲುವು. ನನಗೂ ಇದು ಸರಿಯೆನಿಸುತ್ತದೆ. ಗುಮಾಸ್ತನನ್ನು ಕೇವಲ ಬಡತನದ ಫಲವೆಂದು ಕಂಡು ಸಿಟ್ಟನ್ನೇ ಬಿಟ್ಟರೆ, ನೀವು ಅವನನ್ನು ಮಾತಿಗೆ ನಿಲ್ಲುವ ಮನುಷ್ಯನೆಂದು ಎಣಿಸುವುದನ್ನೂ ಬಿಟ್ಟಂತೆ.

ಹಾಗಾದರೆ ಯಾವ ಕಾರಣ ಮಾಫಿಗೆ ಅರ್ಹ? ಕಾನೂನು ಇಲ್ಲಿ ವಿವೇಕದಿಂದ ನಡೆದುಕೊಂಡಿದೆ. ಹಳೆಯ ದಂಡಸಂಹಿತೆಯ 84ನೆಯ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯ 22ನೆಯದು, ಬುದ್ಧಿವಿಕಲತೆಯಿಂದಾಗಿ ತಾನು ಮಾಡುತ್ತಿರುವುದು ಏನೆಂಬುದನ್ನಾಗಲಿ, ಅದು ತಪ್ಪು ಎಂಬುದನ್ನಾಗಲಿ ಅರಿಯಲಾರದವನ ಕೃತ್ಯವನ್ನು ಅಪರಾಧವೆನ್ನುವುದಿಲ್ಲ. ಏಳು ವರ್ಷದೊಳಗಿನ ಮಕ್ಕಳಿಗೂ ಅಪರಾಧದ ಹೊಣೆಯಿಲ್ಲ. ಕೃತ್ಯಕ್ಕೆ ಕಾರಣವಿತ್ತೇ ಎಂದು ಕಾನೂನು ಕೇಳುವುದಿಲ್ಲ, ಕಾರಣ ಎಲ್ಲ ಕೃತ್ಯಕ್ಕೂ ಇರುತ್ತದೆ. ಸರಿತಪ್ಪು ಅರಿಯುವ ಶಕ್ತಿ ಇವನಲ್ಲಿತ್ತೇ ಎಂಬುದು ಅದರ ಪ್ರಶ್ನೆ. ಅರಿತದ್ದರಂತೆ ತನ್ನನ್ನು ತಡೆದುಕೊಳ್ಳಬಲ್ಲವನಾಗಿದ್ದನೇ ಎಂಬುದನ್ನೂ ನಾವು ಕೇಳಬೇಕು. ನಿಮ್ಮ ಪತ್ರದಲ್ಲೇ ಇದಕ್ಕೆ ಉತ್ತರವಿದೆ. ನೀವು ಗಾದಿಯ ಮೇಲಿದ್ದ ದಿನ ಅವನ ಕೈ ತಡೆಯಿತು. ಓದಬಲ್ಲ ರೈತ ಎದುರಿಗಿದ್ದಾಗಲೂ ತಡೆಯಿತು. ಅದೇ ಸಾಲ, ಅದೇ ಬಾಲ್ಯ ಆ ದಿನಗಳಲ್ಲೂ ಅವನ ಬೆನ್ನಿಗಿದ್ದವು. ಆದ್ದರಿಂದ ಹೊಣೆ ಅವನದೇ, ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಆದರೂ ಅವನ ಬಾಲ್ಯದ ಮಾತನ್ನು ತಳ್ಳಿಹಾಕಬೇಡಿ. ಎಂಥ ಮನೆಯಲ್ಲಿ ಹುಟ್ಟಬೇಕೆಂದು ಯಾರೂ ಆರಿಸಿಕೊಂಡಿಲ್ಲ. ಅವನಿಗೆ ಕಷ್ಟವಾದ ಪ್ರಾಮಾಣಿಕತೆ ನಿಮಗೆ ಸುಲಭವಾಗಿದ್ದರೆ ಅದರಲ್ಲಿ ಅದೃಷ್ಟದ ಪಾಲೂ ಇದೆ. ಅದು ಹೊಣೆಯನ್ನು ಅಳಿಸದಿದ್ದರೂ ಶಿಕ್ಷೆ ಎಷ್ಟಿರಬೇಕೆಂಬ ಲೆಕ್ಕಕ್ಕೆ ಬರಲೇಬೇಕು. ಅವನನ್ನು ಕೆಲಸದಿಂದ ತೆಗೆಯುವುದೋ, ಪೊಲೀಸರಿಗೆ ಒಪ್ಪಿಸುವುದೋ, ಸಂಬಳದಲ್ಲಿ ಕಂತು ಹಿಡಿದು ಇಟ್ಟುಕೊಳ್ಳುವುದೋ ಎಂಬುದನ್ನು ಸಿಟ್ಟು ಇಳಿದ ಮೇಲೆ ತೀರ್ಮಾನಿಸಿ. ರೈತರ ವಿಷಯದಲ್ಲಿ ಮಾತ್ರ ಕಾಯುವಂತಿಲ್ಲ: ಆ ಚೀಟಿಗಳ ಮೇಲಿರುವುದು ನಿಮ್ಮ ಅಂಗಡಿಯ ಹೆಸರು, ಆದ್ದರಿಂದ ಹಳೆಯ ಚೀಟಿಗಳನ್ನು ತೆಗೆಸಿ, ಕಡಿಮೆ ಸಂದ ಹಣವನ್ನು ಅಂಗಡಿಯಿಂದಲೇ ಅವರಿಗೆ ಮೊದಲು ಮುಟ್ಟಿಸಿ.