ಸರ್ಟಿಫಿಕೇಟ್ ಮೇಲೆ ಏನಂತ ಬರುತ್ತೆ?

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಕಾಲೇಜು ಆರಿಸಲು ನನ್ನ ಹತ್ತಿರ ಸಲಹೆಗೆ ಬಂದ ಹುಡುಗಿ ದ್ವಿತೀಯ ಪಿಯುಸಿ, ಸೈನ್ಸ್. ಹಾಸನದ ಕಡೆಯವರು. ಅಪ್ಪನಿಗೆ ಗೊಬ್ಬರದ ಅಂಗಡಿ. ಅಮೆರಿಕದಲ್ಲಿ ಡಿಗ್ರಿ ಮಾಡಬೇಕು, ಅದೂ ತನ್ನ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ತಾನೇ ರೂಪಿಸಿಕೊಳ್ಳುವ ಕಾಲೇಜಿನಲ್ಲೇ ಅನ್ನುವುದು ಅವಳ ಹಟ. ಅಪ್ಪ ಕೇಳಿದ್ದು ಒಂದೇ: "ಸರ್ಟಿಫಿಕೇಟ್ ಮೇಲೆ ಏನಂತ ಬರುತ್ತೆ ಮೇಡಂ?" ಮಗಳಿಗೆ ಸಿಟ್ಟು ಬಂತು. ನನಗೆ ಅದು ತುಂಬಾ ಸರಿಯಾದ ಪ್ರಶ್ನೆ ಅನ್ನಿಸಿತು.

ಮೊದಲು ಅವಳ ಮಾತು ಕೇಳಿದೆ. ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದಳು. ಒಳಗೆ ಅಜ್ಜನ ಊರಿನ ಕೆರೆಯ ನಕ್ಷೆ. ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ನೀರಗಂಟಿ ಯಾವ ಗದ್ದೆಗೆ ಮೊದಲು ನೀರು ಬಿಡುತ್ತಿದ್ದ, ಕೊನೆಯ ಗದ್ದೆಯವರು ಯಾಕೆ ಜಗಳಕ್ಕೆ ಬರುತ್ತಿದ್ದರು, ಎಲ್ಲವನ್ನೂ ಪೆನ್ಸಿಲಿನಲ್ಲಿ ಗುರುತು ಮಾಡಿದ್ದಳು. ಇತಿಹಾಸ, ಜಲವಿಜ್ಞಾನ, ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆ) ಮೂರೂ ಬೇಕಂತೆ. ಕೆಲವು ಮಕ್ಕಳು ಸ್ವಂತ ಮೇಜರ್ ಕೇಳುವುದು ಕಷ್ಟದ ವಿಷಯಗಳಿಂದ ತಪ್ಪಿಸಿಕೊಳ್ಳಲು. ಇವಳು ಕಷ್ಟದ್ದನ್ನೇ ಜಾಸ್ತಿ ಕೇಳುತ್ತಿದ್ದಳು.

ಅವಳ ಪಟ್ಟಿಯಲ್ಲಿ ಮೂರು ಹೆಸರಿದ್ದವು. ಮೂರೂ ಒಂದೇ ಥರ ಅಂದುಕೊಂಡಿದ್ದಳು. ನ್ಯೂಯಾರ್ಕ್ ಯೂನಿವರ್ಸಿಟಿಯ ಗ್ಯಾಲಟಿನ್ ಸ್ಕೂಲಿನಲ್ಲಿ ಎಲ್ಲರೂ ಸ್ವಂತ ಯೋಜನೆಯಲ್ಲೇ ಓದುತ್ತಾರೆ. ಕೊನೆಗೆ ತಾವೇ ಆರಿಸಿದ ಪುಸ್ತಕಗಳ ಬಗ್ಗೆ ಅಧ್ಯಾಪಕರ ಮುಂದೆ ಕೂತು ಮಾತಾಡಿ ಪಾಸಾಗಬೇಕು. ಪದವಿಯ ಹೆಸರು ‘ಇಂಡಿವಿಜುವಲೈಸ್ಡ್ ಸ್ಟಡಿ’. ಮೇನ್ ರಾಜ್ಯದ ಕಾಲೇಜ್ ಆಫ್ ದಿ ಅಟ್ಲಾಂಟಿಕ್ ಚಿಕ್ಕ ಕಾಲೇಜು. ಅಲ್ಲಿ ಏನೇ ಓದಿದರೂ ಪದವಿ ‘ಹ್ಯೂಮನ್ ಇಕಾಲಜಿ’ಯದೇ, ಅಂದರೆ ಮನುಷ್ಯ ಮತ್ತು ಪರಿಸರದ ಸಂಬಂಧದ ಓದು. ಬ್ರೌನ್ ಯೂನಿವರ್ಸಿಟಿಯಲ್ಲಿ 1969ರಿಂದಲೂ ಓಪನ್ ಕರಿಕ್ಯುಲಮ್ ಇದೆ, ಅಂದರೆ ಪಾಠಗಳನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳುತ್ತಾರೆ, ಆದರೆ ಸ್ವಂತ ಮೇಜರ್ ಸುಮ್ನೆ ಸಿಗುವುದಿಲ್ಲ. ಒಬ್ಬ ಅಧ್ಯಾಪಕರು ಜೊತೆಗೆ ನಿಲ್ಲಬೇಕು, ಈಗಿರುವ ವಿಷಯಗಳು ಯಾಕೆ ಸಾಲವು ಎಂದು ಬರೆದು ಸಮಿತಿಯನ್ನು ಒಪ್ಪಿಸಬೇಕು. ಒಪ್ಪದಿದ್ದರೆ ಅಲ್ಲಿರುವ ಬೇರೆ ಮೇಜರ್‌ಗೆ ಹೋಗಬಹುದು.

ಅಪ್ಪ ಸೈಟು ಅಡವಿಟ್ಟು ಸಾಲ ತೆಗೆಯುವ ಯೋಚನೆಯಲ್ಲಿದ್ದರು. ಹಾಗಾಗಿ ವೀಸಾದ ವಿಷಯವನ್ನು ಬಿಡಿಸಿ ಹೇಳಿದೆ. ಈಗಿನ ನಿಯಮದಲ್ಲಿ ಎಫ್-1 ವೀಸಾದವರಿಗೆ, ಅಂದರೆ ವಿದ್ಯಾರ್ಥಿ ವೀಸಾದವರಿಗೆ, ಓದಿದ ಮೇಲೆ ಅಲ್ಲೇ ಕೆಲಸ ಮಾಡಲು ಓಪಿಟಿ ಎನ್ನುವ 12 ತಿಂಗಳ ಅನುಮತಿ ಇದೆ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪದವಿಯಾದರೆ ಇನ್ನೂ 24 ತಿಂಗಳು ವಿಸ್ತರಿಸಿಕೊಳ್ಳಬಹುದು. ಪದವಿ ಸ್ಟೆಮ್ ಹೌದೋ ಅಲ್ಲವೋ ಎಂದು ನೋಡುವುದು ಸಿಐಪಿ ಕೋಡಿನಿಂದ, ಅಂದರೆ ಅಮೆರಿಕದಲ್ಲಿ ಪ್ರತಿ ಓದಿನ ವಿಷಯಕ್ಕೆ ಕೊಟ್ಟಿರುವ ಸಂಖ್ಯೆಯಿಂದ. ವೀಸಾಗೆಂದು ಕಾಲೇಜು ಕೊಡುವ ಐ-20 ಪತ್ರದಲ್ಲಿ ಮೇಜರ್ ಹೆಸರಿನ ಜೊತೆ ಅದು ಇರುತ್ತದೆ. ನಾಲ್ಕು ವರ್ಷ ಜಲವಿಜ್ಞಾನವನ್ನೇ ಓದಿದ್ದರೂ ಕೋಡ್ ಲಿಬರಲ್ ಆರ್ಟ್ಸ್ ಗುಂಪಿನದಾದರೆ ಆ 24 ತಿಂಗಳು ಇಲ್ಲ. ವಾಪಸ್ ಬಂದು ಎಂ.ಎಸ್ಸಿಗೆ ಸೇರಬೇಕೆಂದರೂ, ಡಿಗ್ರಿಯಲ್ಲಿ ಆ ವಿಷಯ ಓದಿದ್ದೀರಾ ಎಂದು ಎಷ್ಟೋ ಕಡೆ ಕೇಳುತ್ತಾರೆ.

ಅವಳಿಗೆ ಕೆಲಸ ಕೊಟ್ಟೆ. "ನಿನ್ನ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಬರಿಯಮ್ಮ. ಪ್ರತಿ ಕಾಲೇಜಿನ ಈ ವರ್ಷದ ಕೋರ್ಸ್ ಪಟ್ಟಿ ನೋಡಿ ಅದಕ್ಕೆ ಬೇಕಾದ ಪಾಠ ಆರಿಸು. ನೀರಿನ ಬಗ್ಗೆ ಕೆಲಸ ಮಾಡುವ ಅಧ್ಯಾಪಕರು ಇದ್ದಾರಾ ಹುಡುಕು. ಯಾರೂ ಇಲ್ಲದಿದ್ದರೆ ಆ ಕಾಲೇಜು ನಿನಗೆ ಬೇಡ." ಪದವಿಯ ಹೆಸರು, ಸಿಐಪಿ ಕೋಡ್, ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಓದಿದ ಪಾಠ, ಅಂಕಗಳ ಪಟ್ಟಿ) ಏನು ಬರುತ್ತದೆ, ಈ ಮೂರನ್ನು ಕಾಲೇಜಿಗೇ ಇಮೇಲ್ ಮಾಡಿ ಕೇಳಲು ಹೇಳಿದೆ. ಅಪ್ಪ ಮಗಳು ಒಟ್ಟಿಗೆ ಕೂತು ಬರೆಯಬೇಕು ಅಂದೆ.

ನನ್ನ ಅಭಿಪ್ರಾಯವನ್ನೂ ಮುಚ್ಚಿಡಲಿಲ್ಲ. ಸಾಲದ ಮೇಲೆ ಓದುವ ಮಗುವಿಗೆ, ಮನಸ್ಸು ಬದಲಾದರೆ ಸೇರಿಕೊಳ್ಳಲು ಗಟ್ಟಿ ವಿಭಾಗಗಳಿರುವ ದೊಡ್ಡ ಕಾಲೇಜೇ ವಾಸಿ. ಹದಿನೇಳಕ್ಕೆ ಇದ್ದ ಆಸಕ್ತಿ ಇಪ್ಪತ್ತಕ್ಕೆ ಬೇರೆಯಾಗಬಹುದು, ಅಲ್ವಾ?

ಹಾಳೆ ತುಂಬಿಸಿಕೊಂಡು ಬಂದರು. ಬ್ರೌನ್ ಉಳಿಯಿತು. ಜಲವಿಜ್ಞಾನದ ಜೊತೆ ಇತಿಹಾಸವನ್ನು ಮೈನರ್ (ಎರಡನೇ, ಚಿಕ್ಕ ವಿಷಯ) ಮಾಡಬಹುದಾದ ಎರಡು ಸ್ಟೇಟ್ ಯೂನಿವರ್ಸಿಟಿಗಳು ಸೇರಿದವು. ಗ್ಯಾಲಟಿನ್‌ಗೂ ಅರ್ಜಿ ಹಾಕುವುದು, ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ ಸೇರುವುದು ಎಂದು ಇಬ್ಬರೂ ಒಪ್ಪಿದರು. ಮೇನ್ ರಾಜ್ಯದ ಆ ಚಿಕ್ಕ ಕಾಲೇಜನ್ನು ಬಿಡುವಾಗ ಅವಳಿಗೆ ಬೇಜಾರಾಯಿತು. "ಎಂ.ಎಸ್‌ಗೆ ನೋಡೋಣ ಬಿಡು ಪುಟ್ಟಿ" ಎಂದು ಸಮಾಧಾನ ಮಾಡಿದ್ದು ಅಪ್ಪನೇ.