ಗಾಡಿ ಮಣ್ಣು ತೆಗೆಯುತ್ತದೆ, ಇಂಗಾಲ ಅಳೆಯುವುದು ಬೇರೆ ಕಡೆ

ಪ್ರಶ್ನೆ: ಮೇಡಂ, ನಾನು ಮೂಲತಃ ಇಂಡಿ ತಾಲೂಕಿನವ. 22 ವರ್ಷದಿಂದ ಪುಣೆಯ ಹಡಪಸರದಲ್ಲಿದ್ದೇನೆ. ದೌಂಡ್ ಕಡೆ ಭೀಮಾ ದಂಡೆಗೆ 6 ಎಕರೆ ಎರೆಭೂಮಿ ಇದೆ, ಕಬ್ಬು ಹಾಕುತ್ತೇವೆ. ಹೋದ ತಿಂಗಳು ಕಬ್ಬು ಕಡಿದ ಮೇಲೆ ಒಂದು ಕಂಪನಿಯವರು ಬಂದು, ಡ್ರೈವರ್ ಇಲ್ಲದ ನಾಲ್ಕು ಗಾಲಿಯ ಸಣ್ಣ ಗಾಡಿ ಹೊಲದಾಗ ಬಿಟ್ಟರು. ಅದು ತಾನೇ ಓಡಾಡಿ 12 ಕಡೆ ನಿಂತು ಮಣ್ಣು ತೆಗೆಯಿತು. 'ಕಾರ್ಬನ್ ಅಳೆದು ರೊಕ್ಕ ಕೊಡತೀವಿ, 10 ವರ್ಷದ ಕರಾರಿಗೆ ಸಹಿ ಹಾಕ್ರಿ' ಅಂತಾರೆ. ಗಾಡಿ ಖರೇನೇ ಕಾರ್ಬನ್ ಅಳೀತದೇನು? ಸಹಿ ಹಾಕಲೋ ಬೇಡವೋ?

ಉತ್ತರ: ಸಹಿ ಈಗಲೇ ಬೇಡ. ಗಾಡಿಯ ಮೇಲೆ ಸಂಶಯ ಪಟ್ಟು ಹೀಗೆ ಹೇಳುತ್ತಿಲ್ಲ. ಅಂಥ ಗಾಡಿ ಬರಲಿ ಎಂದು ಕಾಯುತ್ತಿದ್ದವಳು ನಾನು.

ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ 31 ವರ್ಷ ಕಳೆದೆ. ಒಮ್ಮೆ ಒಂದು ಚೀಲದ ಮಣ್ಣಿನಲ್ಲಿ ಸಾವಯವ ಇಂಗಾಲ 1.3% ಬಂತು. ಅದೇ ಊರಿನ ಉಳಿದ ಚೀಲಗಳೆಲ್ಲ 0.4, 0.5ರ ಆಸುಪಾಸು. ಚೀಲ ಕೊಡವಿದರೆ ಕಾಗದದ ಮೇಲೆ ಎರಡು ಕುರಿ ಹಿಕ್ಕೆ ಬಿದ್ದವು. ಮಣ್ಣು ತರಲು ಹೋದ ಹುಡುಗ ಬಿಸಿಲಿಗೆ ಬೇಸತ್ತು, ಬೇವಿನ ಮರದಡಿ ಕುರಿ ನಿಂತ ಜಾಗದಲ್ಲೇ ಅಗೆದು ತಂದಿದ್ದ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ, ಏಪ್ರಿಲ್ ಬಿಸಿಲು ಹಾಗಿತ್ತು. ಗಾಡಿಗೆ ಬಿಸಿಲಿಲ್ಲ, ನೆರಳಿಲ್ಲ. ನಕಾಶೆಯಲ್ಲಿ ಮೊದಲೇ ಗುರುತಿಸಿದ ಜಾಗಕ್ಕೇ ಅದು ಹೋಗುತ್ತದೆ. ಆರ್‌ಟಿಕೆ ಜಿಪಿಎಸ್ (ನೆಲದ ಮೇಲಿನ ಕೇಂದ್ರದ ನೆರವಿನಿಂದ ತಪ್ಪು ತಿದ್ದಿಕೊಳ್ಳುವ ಜಿಪಿಎಸ್) ಇದ್ದರೆ ಐದು ವರ್ಷ ಬಿಟ್ಟು ಬಂದರೂ ಎರಡು ಮೂರು ಸೆಂಟಿಮೀಟರ್ ಅಂತರದೊಳಗೆ ಅದೇ ಜಾಗ ಹಿಡಿಯುತ್ತದೆ. ಮೊಬೈಲಿನ ಜಿಪಿಎಸ್ ನಾಲ್ಕಾರು ಮೀಟರ್ ಆಚೀಚೆ ತೋರಿಸುತ್ತದೆ. ಆದರೆ ನಿಮ್ಮದು ಕಬ್ಬಿನ ಹೊಲ. ಇಂದು ಬೋದು (ಸಾಲಿನ ಪಕ್ಕದ ಮಣ್ಣಿನ ಏರಿ) ಇದ್ದಲ್ಲಿ ಮುಂದಿನ ಸಲ ಸಾಲು ಬಂದೀತು. ಬೋದಿನಲ್ಲೆಷ್ಟು, ಸಾಲಿನಲ್ಲೆಷ್ಟು ತೆಗೆದರು ಎಂದು ಬರೆದಿಟ್ಟಿದ್ದಾರಾ ಕೇಳಿ.

ಗಾಡಿಯ ಕೆಲಸ ಅಷ್ಟೇ. ಕೆಲವು ಗಾಡಿಗಳಲ್ಲಿ ಮಣ್ಣಿಗೆ ಬೆಳಕು ಬಿಟ್ಟು ಇಂಗಾಲ ಅಂದಾಜು ಮಾಡುವ ಸೆನ್ಸರ್ ಇರುತ್ತದೆ. ಆ ಅಂದಾಜು ನಮ್ಮ ಎರೆ ಮಣ್ಣಿನ ಮೇಲೆ ಹೊಂದಿಸಿದ್ದಾಗಿರಬೇಕು. ತೇವ ಹೆಚ್ಚಾದರೂ ಅದರ ಲೆಕ್ಕ ತಪ್ಪುತ್ತದೆ. ಎರೆ ಕಪ್ಪಗಿದೆ ಎಂದ ಮಾತ್ರಕ್ಕೆ ಇಂಗಾಲ ಹೆಚ್ಚಿದೆ ಎಂದಲ್ಲ, ದಖ್ಖನ್ನಿನ ಬಹಳಷ್ಟು ಕಪ್ಪು ಹೊಲಗಳಲ್ಲಿ ಅದು 1%ಕ್ಕಿಂತ ಕಡಿಮೆ. ನಂಬುವ ಅಂಕಿ ಲ್ಯಾಬಿನದು.

ಲ್ಯಾಬಿನಲ್ಲಿ ಎರಡು ದಾರಿ. ಹಳೆಯದು 1934ರ ವಾಕ್ಲೀ-ಬ್ಲ್ಯಾಕ್ ವಿಧಾನ. ಒಂದು ಗ್ರಾಂ ಮಣ್ಣಿಗೆ ಡೈಕ್ರೋಮೇಟ್ ಹಾಕಿ, ಸಲ್ಫ್ಯೂರಿಕ್ ಆಸಿಡ್ ಸುರಿದರೆ ಫ್ಲಾಸ್ಕ್ ಕೈಗೆ ಸುಡುವಷ್ಟು ಕಾಯುತ್ತದೆ. ಅರ್ಧ ಗಂಟೆ ಬಿಟ್ಟು, ನೀರು ಮತ್ತು ಸೂಚಕ ಸೇರಿಸಿ, ಬ್ಯುರೆಟ್ಟೆಂಬ ಗುರುತು ಹಾಕಿದ ಗಾಜಿನ ನಳಿಕೆಯಿಂದ ಫೆರಸ್ ಲವಣದ ದ್ರಾವಣವನ್ನು ಹನಿ ಹನಿ ಬಿಡಬೇಕು. ನೇರಳೆ ಮಿಶ್ರಿತ ನೀಲಿ ಒಂದೇ ಹನಿಗೆ ಹಸಿರಾಗುತ್ತದೆ. ಆ ಹನಿಗಾಗಿ ಉಸಿರು ಬಿಗಿಹಿಡಿದು ನಿಂತ ಮಧ್ಯಾಹ್ನಗಳು ನನಗಿನ್ನೂ ನೆನಪಿವೆ. ಹೊಸ ದಾರಿಯಲ್ಲಿ ಮಣ್ಣನ್ನು 900 ಡಿಗ್ರಿಗೂ ಹೆಚ್ಚು ಬಿಸಿಯಲ್ಲಿ ಸುಟ್ಟು, ಹೊರಬಂದ ಅನಿಲ ಅಳೆಯುತ್ತಾರೆ. ಇದು ಹೆಚ್ಚು ಕರಾರುವಾಕ್ಕು, ಆದರೆ ಸುಣ್ಣದಲ್ಲಿರುವ ಇಂಗಾಲವೂ ಇದರಲ್ಲಿ ಲೆಕ್ಕಕ್ಕೆ ಬಂದುಬಿಡುತ್ತದೆ. ನಿಮ್ಮ ಹೊಲದ ಒಂದು ಹೆಂಟೆಯ ಮೇಲೆ ನಿಂಬೆರಸ ಹಿಂಡಿ ನೋಡಿ. ಬುಸುಬುಸು ನೊರೆ ಬಂದರೆ ಸುಣ್ಣವಿದೆ. ಅದನ್ನು ಕಳೆದಿದ್ದಾರಾ ಎಂದು ಕೇಳಲೇಬೇಕು. ಹೊರಗಿನ ಒಂದು ಲ್ಯಾಬು ಕಳೆಯದೆ ಕೊಟ್ಟ ವರದಿ ನಾನೇ ನೋಡಿದ್ದೇನೆ. ಆ ರೈತ ತನ್ನ ಹೊಲದಲ್ಲಿ ಇಂಗಾಲ ತುಂಬಿ ತುಳುಕುತ್ತಿದೆ ಎಂದುಕೊಂಡು ಎರಡು ವರ್ಷ ಗೊಬ್ಬರವನ್ನೇ ಹಾಕಿರಲಿಲ್ಲ. ಅದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಷ್ಟು ಪಟ್ಟು ಹಿಡಿದು ಹೇಳುವುದಕ್ಕೆ ಕಾರಣವಿದೆ. ಒಂದು ಎಕರೆಯ ಮೇಲಿನ 30 ಸೆಂ.ಮೀ. ಮಣ್ಣು ಸುಮಾರು 1,580 ಟನ್ ತೂಗುತ್ತದೆ. ಅದರಲ್ಲಿ 0.1% ಎಂದರೆ 1.6 ಟನ್ ಇಂಗಾಲ. ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೆ ಅದು ಹತ್ತಿರ ಹತ್ತಿರ 5.8 ಟನ್, ಅಂದರೆ ಒಂದು ಟನ್ನಿಗೆ ಒಂದರಂತೆ ಆರಕ್ಕೆ ಸ್ವಲ್ಪ ಕಡಿಮೆ ಕಾರ್ಬನ್ ಕ್ರೆಡಿಟ್ಟು. ಕಂಪನಿಯವರು ಮಾರುವುದು ಇದನ್ನೇ. ರವದಿ (ಕಬ್ಬಿನ ಒಣ ಎಲೆ) ಸುಡದೆ ಹೊಲಕ್ಕೇ ಮುಚ್ಚಿ ನೀವು ಎಷ್ಟೋ ವರ್ಷ ಪಡುವ ಶ್ರಮ ಆ 0.1ರಲ್ಲೇ ಇದೆ. ಲ್ಯಾಬಿನ ತಪ್ಪೂ ಅಷ್ಟೇ ದೊಡ್ಡದಾಗಬಹುದು.

ಈ 1,580 ಟನ್ನೂ ಕಲ್ಲಿನ ಮೇಲೆ ಬರೆದದ್ದಲ್ಲ. ಒಂದು ಘನ ಸೆಂ.ಮೀ. ಮಣ್ಣಿಗೆ 1.3 ಗ್ರಾಂ ಎಂದು ಹಿಡಿದ ಲೆಕ್ಕವದು. ಎರೆ ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಸೆಪ್ಟೆಂಬರಿನ ಹಸಿಯಲ್ಲಿ ಒಮ್ಮೆ, ಮೇ ತಿಂಗಳ ಒಣ ನೆಲದಲ್ಲಿ ಇನ್ನೊಮ್ಮೆ ಕೊಳವೆ ಇಳಿಸಿದರೆ, ಅದೇ 30 ಸೆಂ.ಮೀ.ಯಲ್ಲಿ ಬೇರೆ ಬೇರೆ ತೂಕದ ಮಣ್ಣು ಸಿಗುತ್ತದೆ. ಹಾಗಾಗಿ ಪ್ರತಿ ಸಲವೂ ಮಣ್ಣಿನ ಸಾಂದ್ರತೆ ಅಳೆಯಬೇಕು, ಅದೇ ಹಂಗಾಮಿನಲ್ಲಿ ಬರಬೇಕು. ಕಾರ್ಬನ್ ಕ್ರೆಡಿಟ್ಟಿಗೆ ನಿಯಮ ಮಾಡುವ ವೆರ್ರಾ ಸಂಸ್ಥೆಯ ವಿಎಂ0042 ನಿಯಮದಂತೆ ಕನಿಷ್ಠ 30 ಸೆಂ.ಮೀ. ಆಳಕ್ಕೆ, ಐದು ವರ್ಷಕ್ಕೊಮ್ಮೆಯಾದರೂ ಮರು ಅಳತೆ ಆಗಬೇಕು. ಕರಾರಿನಲ್ಲಿ ಇದು ಇದೆಯೇ ಓದಿಸಿಕೊಳ್ಳಿ. ಮಧ್ಯದಲ್ಲಿ ಹೊಲ ಮಾರಿದರೆ ಏನು, ಒಂದು ವರ್ಷ ರವದಿಗೆ ಬೆಂಕಿ ಬಿದ್ದರೆ ಏನು ಎಂಬುದೂ ಬರಹದಲ್ಲಿರಲಿ.

ಮುಂದಿನ ಸಲ ಗಾಡಿ ಬಂದಾಗ ಪ್ರತಿ ಜಾಗದ ಮಣ್ಣಿನಲ್ಲಿ ಅರ್ಧ ನಿಮಗೆ ಕೊಡಲು ಹೇಳಿ. ನಿಮ್ಮ ಮನೆಯಿಂದ ಮಾಂಜರಿಯ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್ ದೂರವಿಲ್ಲ, ಅಲ್ಲಿ ಬೇರೆಯಾಗಿ ಪರೀಕ್ಷೆ ಮಾಡಿಸಿ. ಎರಡೂ ಅಂಕಿ ಹತ್ತಿರ ಬಂದರೆ ಆಮೇಲೆ ಸಹಿಯ ಮಾತು. ಅರ್ಧ ಮಣ್ಣು ಕೊಡಲು ತಕರಾರು ಮಾಡುವವರ ಕಾಗದಕ್ಕೆ ಸಹಿ ಹಾಕಬೇಡಿ.

ಪ್ರಶ್ನೆ: ಗೋವಾದ ಫೋಂಡಾ ಹತ್ತಿರ ನಮ್ಮ ಗೇರು ತೋಟವಿದೆ. ಕೆಂಪು ಜಂಬಿಟ್ಟಿಗೆ ನೆಲ, ಇಳಿಜಾರು. ಇಲ್ಲಿಯೂ ಇಂಥ ಗಾಡಿಯಿಂದ ಅಳೆಸಬಹುದೇ?

ಉತ್ತರ: ಗಾಡಿ ಇಳಿಜಾರು ಹತ್ತಿದರೂ ಅದರ ಕೊಳವೆ ಜಂಬಿಟ್ಟಿಗೆಗೆ ಬಡಿದು ನಿಲ್ಲುವ ಸಂಭವವೇ ಹೆಚ್ಚು. ಕೈ ಅಗರಿನಿಂದ (ಕೈಯಲ್ಲಿ ತಿರುಗಿಸಿ ಮಣ್ಣು ತೆಗೆಯುವ ಸಲಕರಣೆ), ಸಾಧ್ಯವಾಗದಿದ್ದರೆ ಗುಂಡಿ ತೋಡಿ ತೆಗೆಯಿರಿ. 2 ಮಿ.ಮೀ. ಜರಡಿ ಹಿಡಿದು, ಮೇಲುಳಿದ ಹರಳುಕಲ್ಲನ್ನು ಎಸೆಯುವ ಮೊದಲು ತೂಗಿ ಬರೆದಿಡಿ. ಇಂಗಾಲದ ಅಂಕಿ ಜರಡಿಯ ಕೆಳಗೆ ಬಿದ್ದ ಮಣ್ಣಿನದು ಮಾತ್ರ. ತೂಕದಲ್ಲಿ ಅರ್ಧ ಕಲ್ಲೇ ಇದ್ದು, ಅದನ್ನು ಕಳೆಯದೆ ಹೋದರೆ ತೋಟದ ಇಂಗಾಲ ಹೆಚ್ಚೂಕಡಿಮೆ ಇಮ್ಮಡಿ ಎಂದು ವರದಿ ಬರುತ್ತದೆ.