ಗೇಟು ಮುಚ್ಚುವ ಮುನ್ನ, ನಕ್ಷೆಗೆ ಸಹಿ ಬೀಳುವ ಮುನ್ನ

ಪ್ರಶ್ನೆ: ನಮ್ಮೂರಿನ ರೈಲ್ವೆ ಗೇಟು ತೆಗೆದು ಅಂಡರ್‌ಪಾಸ್ ಮಾಡುತ್ತಾರಂತೆ. ಪಕ್ಕದೂರಿನ ಅಂಡರ್‌ಪಾಸಿನಲ್ಲಿ ಮಳೆ ಬಂದರೆ ಸೊಂಟಮಟ್ಟ ನೀರು. ಮೇಲ್ಸೇತುವೆಯೇ ಬೇಕು ಎಂದು ಹಟ ಹಿಡಿಯಬಹುದೇ?
– ಹಾಸನ ಜಿಲ್ಲೆಯ ಓದುಗರು

ಉತ್ತರ: ಹಿಡಿಯಬಹುದು, ಆದರೆ ಲೆಕ್ಕ ಇಟ್ಟುಕೊಂಡು ಹಿಡಿಯಿರಿ. ಗೇಟಿನ ಸಂಚಾರವನ್ನು ರೈಲ್ವೆಯವರು ಟಿವಿಯು (ಟ್ರೇನ್ ವೆಹಿಕಲ್ ಯೂನಿಟ್) ಎಂಬ ಅಳತೆಯಲ್ಲಿ ನೋಡುತ್ತಾರೆ. 24 ಗಂಟೆಯಲ್ಲಿ ಓಡುವ ರೈಲುಗಳನ್ನೂ ಗೇಟು ದಾಟುವ ವಾಹನಗಳನ್ನೂ ಎಣಿಸಿ, ಎರಡನ್ನೂ ಗುಣಿಸುತ್ತಾರೆ. ಕಾರು, ಬಸ್ಸು, ಲಾರಿ, ಎತ್ತಿನಗಾಡಿಗೆ ಒಂದೊಂದು, ಆಟೋಗೆ ಅರ್ಧ, ಬೈಕಿಗೆ ಕಾಲು. ಸೈಕಲ್ಲು, ನಡೆದು ಹೋಗುವವರು ಲೆಕ್ಕಕ್ಕಿಲ್ಲ. ದಿನಕ್ಕೆ 40 ರೈಲು, 2,500 ವಾಹನ ಎಂದರೆ 1 ಲಕ್ಷ. ಅಷ್ಟು ದಾಟಿದರೆ ರೈಲ್ವೆ ಮತ್ತು ರಾಜ್ಯ ಅರ್ಧರ್ಧ ಖರ್ಚು ಹಾಕಿಕೊಂಡು ಮೇಲ್ಸೇತುವೆ ಕಟ್ಟಲು ದಾರಿಯಾಗುತ್ತದೆ. ಹಳೆಯ ಎಣಿಕೆ ಬೇಸಿಗೆಯಲ್ಲಿ ನಡೆದಿದ್ದರೆ ಸುಗ್ಗಿಯ ಟ್ರ್ಯಾಕ್ಟರುಗಳು ಅದರಲ್ಲಿ ಇರುವುದಿಲ್ಲ. ಸುಗ್ಗಿ ಕಾಲದಲ್ಲಿ, ಸಂತೆಯ ದಿನವೂ ಸೇರುವಂತೆ ಏಳು ದಿನ ನೀವೇ ಎಣಿಸಿ ಗಂಟೆವಾರು ಬರೆದಿಡಿ.

ಗೇಟನ್ನು ಕಾಯಂ ಮುಚ್ಚಲು ರೈಲ್ವೆಯವರು ಜಿಲ್ಲಾಡಳಿತದ ಒಪ್ಪಿಗೆ ಕೇಳುತ್ತಾರೆ. ನಿಮ್ಮ ಮಾತಿಗೆ ಬೆಲೆ ಇರುವುದು ಆ ಒಪ್ಪಿಗೆ ಪತ್ರ ಹೋಗುವ ಮುಂಚೆ. ಗ್ರಾಮ ಪಂಚಾಯಿತಿ ಠರಾವು, ಎಣಿಕೆಯ ಪಟ್ಟಿ, ಊರಿನ ಅತಿ ಎತ್ತರದ ಹೊರೆಯ ಅಳತೆ, ಈ ಮೂರನ್ನೂ ಜಿಲ್ಲಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಹುಲ್ಲು ಹೇರಿದ ಟ್ರೈಲರ್, ಕಟಾವು ಯಂತ್ರ, ಶಾಲಾ ಬಸ್ಸು, ಇವುಗಳನ್ನು ಟೇಪು ಹಿಡಿದೇ ಅಳೆಯಿರಿ. ಅಂದಾಜು ಬೇಡ. ಅಂಡರ್‌ಪಾಸಿನ ಒಳ ಎತ್ತರ ಎಷ್ಟೆಂದು ನಕ್ಷೆಯಲ್ಲಿ ಬರೆದಿರುತ್ತದೆ. ಕೆಲಸ ಶುರುವಾದ ಮೇಲೆ ಅದನ್ನು ಬದಲಿಸುವುದು ಹೆಚ್ಚುಕಡಿಮೆ ಆಗದ ಮಾತು.

ಕೊನೆಗೆ ಅಂಡರ್‌ಪಾಸೇ ಗಟ್ಟಿಯಾದರೆ ಮೊದಲು ಜಾಗ ನೋಡಿ. ಗೇಟಿನಿಂದ ಇನ್ನೂರು ಮುನ್ನೂರು ಮೀಟರ್ ಆಚೀಚೆ ಹಳಿ ಎತ್ತರದ ಏರಿಯ ಮೇಲೆ ಹೋಗುತ್ತಿದ್ದರೆ ಅಲ್ಲಿ ನೆಲಮಟ್ಟದಲ್ಲೇ ದಾರಿ ಕೊರೆಯಬಹುದು. ಗುಂಡಿ ತೋಡಬೇಕಿಲ್ಲವಾದ್ದರಿಂದ ನೀರು ನಿಲ್ಲುವ ಪ್ರಶ್ನೆಯೂ ಅಷ್ಟಾಗಿ ಬರುವುದಿಲ್ಲ.

ಹಳಿ ನೆಲಮಟ್ಟದಲ್ಲೇ ಇದ್ದರೆ ರಸ್ತೆ ಕೆಳಗಿಳಿಯಲೇಬೇಕು. ಆಗ ನೀರು ಮೂರು ಕಡೆಯಿಂದ ಬರುತ್ತದೆ: ಇಳಿಜಾರಿನ ಮೇಲೆಯೇ ಬೀಳುವ ಮಳೆ, ಹೊರಗಿನ ರಸ್ತೆ-ಹೊಲಗಳಿಂದ ಹರಿದು ಬರುವ ನೀರು, ಕಾಂಕ್ರೀಟ್ ಪೆಟ್ಟಿಗೆಯ ಸಂದುಗಳಿಂದ ಜಿನುಗುವ ಅಂತರ್ಜಲ. ಎರಡೂ ಕಡೆ 100 ಮೀಟರ್ ಉದ್ದ, ಐದೂವರೆ ಮೀಟರ್ ಅಗಲದ ಇಳಿಜಾರು ಎಂದುಕೊಳ್ಳಿ. 50 ಮಿ.ಮೀ. ಮಳೆಗೆ ಅಲ್ಲಿ ಬೀಳುವುದು 55 ಸಾವಿರ ಲೀಟರ್. ನಿಮಿಷಕ್ಕೆ 600 ಲೀಟರ್ ಎತ್ತುವ ಪಂಪು ಅದನ್ನು ಒಂದೂವರೆ ಗಂಟೆಯಲ್ಲಿ ಖಾಲಿ ಮಾಡುತ್ತದೆ. ಆದರೆ ಹೊರಗಿನ ಒಂದೇ ಒಂದು ಎಕರೆಯ ನೀರು ಇಂಗದೆ ಒಳಕ್ಕೆ ನುಗ್ಗಿದರೆ ಇನ್ನೂ 2 ಲಕ್ಷ ಲೀಟರ್ ಸೇರಿ ಅದೇ ಪಂಪು ಏಳು ಗಂಟೆ ಓಡಬೇಕು. ಆದ್ದರಿಂದ ಪಂಪಿಗಿಂತ ಮೊದಲು ಕೇಳಬೇಕಾದ್ದು ಇಳಿಜಾರು ಶುರುವಾಗುವಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಉಬ್ಬು, ಅದರ ಹೊರಬದಿಗೆ ಕಬ್ಬಿಣದ ಜಾಲರಿ ಹಾಕಿದ ಅಡ್ಡಚರಂಡಿ. ಆಮೇಲೆ ಇಳಿಜಾರಿನ ಮೇಲೆ ತಗಡಿನ ಚಾವಣಿ. ಹತ್ತಿರದ ಹಳ್ಳ ಅಂಡರ್‌ಪಾಸಿನ ತಳಕ್ಕಿಂತ ಕೆಳಗಿದ್ದರೆ ನೀರು ತಾನಾಗಿಯೇ ಹರಿದುಹೋಗುವಂತೆ ಕೊಳವೆ ಹಾಕಿಸಿ. ಇಲ್ಲದಿದ್ದರೆ ಮಾತ್ರ ಸಂಪು, ಪಂಪು.

ಪಂಪು ಕೆಡುವುದಕ್ಕಿಂತ ಹೆಚ್ಚಾಗಿ, ಅದನ್ನು ನಡೆಸುವವರೇ ಇರುವುದಿಲ್ಲ. ಕರೆಂಟ್ ಬಿಲ್ಲು ಯಾರದ್ದು, ರಾತ್ರಿ ಮಳೆ ಬಂದರೆ ಸ್ವಿಚ್ಚು ಹಾಕುವವರು ಯಾರು, ಮುಂಗಾರಿಗೆ ಮೊದಲು ಚರಂಡಿಯ ಹೂಳು ತೆಗೆಯುವವರು ಯಾರು? ರೈಲ್ವೆಯೋ ಪಂಚಾಯಿತಿಯೋ, ಒಪ್ಪಿಗೆ ಪತ್ರದಲ್ಲೇ ಬರೆಸಿ.

ಪ್ರಶ್ನೆ: ನಮ್ಮ ಸ್ಟೇಷನ್ನಿನಲ್ಲಿ ಎಕ್ಸ್‌ಪ್ರೆಸ್ ರೈಲು ನಿಲ್ಲಿಸಲು ಯಾರಿಗೆ ಬರೆಯಬೇಕು?
– ಕರಾವಳಿಯ ಓದುಗರು

ಉತ್ತರ: ನಿಮ್ಮ ಸ್ಟೇಷನ್ನು ಯಾರ ಕೈಲಿದೆ ಎಂದು ಮೊದಲು ತಿಳಿದುಕೊಳ್ಳಿ. 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ಶುರುವಾದ ನೈಋತ್ಯ ರೈಲ್ವೆಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳಿವೆ. ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದೆ. ಉಡುಪಿ, ಕುಂದಾಪುರ, ಕಾರವಾರದ ಕಡೆಯದು ಕೊಂಕಣ ರೈಲ್ವೆ. ತಪ್ಪು ಕಚೇರಿಗೆ ಹೋದ ಮನವಿ ತಿಂಗಳುಗಟ್ಟಲೆ ಸುತ್ತಾಡುತ್ತದೆ. ಯಾವ ರೈಲು, ಎಷ್ಟು ಗಂಟೆಗೆ, ಎಷ್ಟು ವಿದ್ಯಾರ್ಥಿಗಳು ಮತ್ತು ನೌಕರರು ಎಲ್ಲಿಂದ ಎಲ್ಲಿಗೆ ಎಂಬುದನ್ನು ಒಂದೇ ಪುಟದಲ್ಲಿ ಬರೆಯಿರಿ. ಪ್ಲಾಟ್‌ಫಾರಂ ಉದ್ದವನ್ನೂ ಸೇರಿಸಿ. 24 ಬೋಗಿಯ ರೈಲಿಗೆ ಸುಮಾರು 550 ಮೀಟರ್ ಬೇಕು.

ಹೊಸ ನಿಲುಗಡೆಯನ್ನು ಸಾಮಾನ್ಯವಾಗಿ ಆರು ತಿಂಗಳ ಪ್ರಯೋಗವೆಂದು ಕೊಡುತ್ತಾರೆ. ಆಮೇಲೆ ಟಿಕೆಟ್ ಮಾರಾಟ ನೋಡಿ ಮುಂದುವರಿಸುವುದೋ ನಿಲ್ಲಿಸುವುದೋ ತೀರ್ಮಾನಿಸುತ್ತಾರೆ. ಊರವರು ಎಡವುವುದು ಇಲ್ಲೇ. ಹತ್ತುವುದು ನಿಮ್ಮ ಸ್ಟೇಷನ್ನಿನಲ್ಲಿ, ಟಿಕೆಟ್ ಮಾತ್ರ ಪಕ್ಕದ ದೊಡ್ಡ ಸ್ಟೇಷನ್ ಹೆಸರಿನಲ್ಲಿ ಎಂದಾದರೆ ನಿಮ್ಮ ಲೆಕ್ಕದಲ್ಲಿ ಸೊನ್ನೆ. ಮೊಬೈಲಿನಲ್ಲಿ ತೆಗೆದರೂ ನಿಮ್ಮ ಸ್ಟೇಷನ್ನಿನ ಹೆಸರನ್ನೇ ಆರಿಸಿ.

ಪ್ರಶ್ನೆ: ಹೊಸ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡಿನಲ್ಲಿ ನಮ್ಮ ಬೀದಿಯನ್ನು 18 ಮೀಟರ್ ರಸ್ತೆ ಎಂದು ತೋರಿಸಿದ್ದಾರೆ. ಏನು ಮಾಡಬೇಕು?
– ದಾವಣಗೆರೆಯ ಓದುಗರು

ಉತ್ತರ: ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 13ನೇ ಸೆಕ್ಷನ್ ಪ್ರಕಾರ, ಪ್ರಕಟಣೆಯಾದ 60 ದಿನದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ. ಸರ್ವೆ ನಂಬರು, ನಕ್ಷೆಯ ಹಾಳೆ ಸಂಖ್ಯೆ, ಈಗಿರುವ ರಸ್ತೆಯ ಅಗಲ, ಹೋಗುವ ಮನೆಗಳ ಸಂಖ್ಯೆ ಬೇಕು. ‘ಈ ಯೋಜನೆ ಬೇಡ’ ಎಂದಷ್ಟೇ ಬರೆದ ನೂರು ಪ್ರತಿಗಳಿಗಿಂತ ಬದಲಿ ದಾರಿಯನ್ನು ಗೆರೆ ಎಳೆದು ತೋರಿಸಿದ ಒಂದು ಅರ್ಜಿ ಹೆಚ್ಚು ಕೆಲಸ ಮಾಡುತ್ತದೆ. ಯೋಜನೆ ಜಾರಿಯಾದ ಮೇಲೂ ಭೂಬಳಕೆ ಬದಲಾಗಬಹುದು (ಸೆಕ್ಷನ್ 14ಎ). ಅದಕ್ಕೆ ಪತ್ರಿಕೆಯಲ್ಲಿ ಬರುವ ಪ್ರಕಟಣೆಗೆ ಉತ್ತರಿಸಲು ಸಿಗುವುದು 15 ದಿನದಷ್ಟು ಅವಧಿ, ಕಣ್ತಪ್ಪಿದರೆ ಹೋಯಿತು.

ಪ್ರಶ್ನೆ: ಬಡಾವಣೆಯ ಪಾರ್ಕ್ ಜಾಗವನ್ನು ಆಸ್ಪತ್ರೆಗೆ ಕೊಡಬಹುದೇ?
– ಬೆಂಗಳೂರಿನ ಓದುಗರು

ಉತ್ತರ: ಇಲ್ಲ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಅಸಿಂಧುವೆಂದು ತೀರ್ಪಿತ್ತಿದೆ. ಆ ಹೋರಾಟ ಹೂಡಿದವರು ಅಲ್ಲಿನ ನಿವಾಸಿಗಳೇ. ಮಂಜೂರಾದ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಪಾರ್ಕಿನ ನಕ್ಷೆಗೊಂದು, ಮಂಜೂರಾತಿ ಆದೇಶಕ್ಕೊಂದು, ಬೇರೆ ಬೇರೆ ಅರ್ಜಿ ಹಾಕಿ.